ಕಡಿಮೆ ಖರ್ಚಿನಲ್ಲಿ ಕಾರಿನ ಎಂಜಿನ್ ರೀಬಿಲ್ಡ್ ಮಾಡುವಾಗ (ಬಿಚ್ಚಿ, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸುವಾಗ) ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಎಂಜಿನ್ ಬಿಚ್ಚುವ ಮೊದಲೇ ಕಂಪ್ರೆಷನ್ ಟೆಸ್ಟ್ ಮಾಡಿ, ಅಂದರೆ ಪ್ರತಿ ಸಿಲಿಂಡರಿನೊಳಗಿನ ಒತ್ತಡ ಅಳೆಯಿರಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್‌ನ ಕೆಳಗಿನ ಸೀಲ್) ಮೇಲೆ ಅನುಮಾನ. ಆಗ ಹೆಡ್ ಕೆಲಸವಷ್ಟೇ ಸಾಕಾಗಬಹುದು.

ದೊಡ್ಡ ಉಳಿತಾಯ ಇರುವುದು ಬೋರ್ ಅಳತೆಯಲ್ಲಿ. ಮೇಲೆ, ನಡುವೆ, ಕೆಳಗೆ ಅಳೆಯಿರಿ. ಸವೆತ ಮ್ಯಾನುಯಲ್ ಹೇಳಿದ ಮಿತಿಯೊಳಗಿದ್ದರೆ ರೀಬೋರ್ (ಬೋರನ್ನು ಕೊರೆದು ಅಗಲಿಸುವುದು), ಹೊಸ ಪಿಸ್ಟನ್ ಬೇಡ. ಹೋನಿಂಗ್ (ಬೋರನ್ನು ಕಲ್ಲಿನಿಂದ ನವಿರಾಗಿ ಉಜ್ಜುವುದು), ಹೊಸ ರಿಂಗ್ ಸಾಕು. ರಿಂಗನ್ನು ಬೋರಿನಲ್ಲಿ ಕೂರಿಸಿ ತುದಿಗಳ ಅಂತರ ನೋಡಿ: 80 ಮಿ.ಮೀ. ಬೋರಿಗೆ ಸುಮಾರು 0.3 ಮಿ.ಮೀ. ತೀರಾ ಕಡಿಮೆಯಾದರೆ ಬಿಸಿಗೆ ತುದಿಗಳು ತಾಗಿ ರಿಂಗ್ ಮುರಿಯುತ್ತದೆ. ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಅದರ ಸೀಟಿಗೆ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸುವುದು) ಕೈಯಲ್ಲೇ ಆಗುತ್ತದೆ.

ಬೇರಿಂಗ್, ಗ್ಯಾಸ್ಕೆಟ್, ಆಯಿಲ್ ಸೀಲ್, ಬಿಗಿಸುವಾಗ ಹಿಗ್ಗುವ ಬಗೆಯ ಹೆಡ್ ಬೋಲ್ಟ್‌ಗಳಲ್ಲಿ ಮಾತ್ರ ಜಿಪುಣತನ ಬೇಡವೇ ಬೇಡ. ಬೇರಿಂಗ್ ಕ್ಯಾಪ್‌ಗಳಿಗೆ ಬಿಚ್ಚುವಾಗಲೇ ಗುರುತು ಹಾಕಿ. ಅದಲುಬದಲಾದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಬಿಗಿಯಾಗುತ್ತದೆ. ಪ್ಲಾಸ್ಟಿಗೇಜ್ (ಒತ್ತಿದರೆ ಚಪ್ಪಟೆಯಾಗುವ ಅಳತೆಯ ಪ್ಲಾಸ್ಟಿಕ್) ಎಳೆಯಿಟ್ಟು ಬೇರಿಂಗ್, ಕ್ರ್ಯಾಂಕ್ ನಡುವಿನ ಕ್ಲಿಯರೆನ್ಸ್ (ಅಂತರ) ನೋಡಿ, ಸಾಮಾನ್ಯವಾಗಿ 0.025–0.05 ಮಿ.ಮೀ. ಇರಬೇಕು.

ಎಷ್ಟೋ ಅಗ್ಗದ ರೀಬಿಲ್ಡ್‌ಗಳು ಕೆಡುವುದು ಕೊಳೆಯಿಂದ. ಹೋನಿಂಗ್ ಪುಡಿ ಬರೀ ಪೆಟ್ರೋಲಿಗೆ ಹೋಗುವುದಿಲ್ಲ, ಹೊಸ ರಿಂಗನ್ನೇ ಸವೆಸುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದರೂ ಕಲೆ ಹತ್ತದಷ್ಟು ಶುಚಿಯಾಗುವವರೆಗೆ ಬೋರನ್ನು ಬಿಸಿ ಸೋಪು ನೀರಿನಲ್ಲಿ ಉಜ್ಜಿ, ಒರೆಸಿ, ಕೂಡಲೇ ಆಯಿಲ್ ಸವರಿ.

ಸ್ಟಾರ್ಟ್ ಮಾಡುವ ಮುನ್ನ ಇಂಧನ, ಇಗ್ನಿಷನ್ (ಕಿಡಿ) ಎರಡನ್ನೂ ಬರದಂತೆ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ತೆಗೆದು, ಆಯಿಲ್ ಒತ್ತಡ ಬರುವವರೆಗೆ ಸ್ವಲ್ಪ ಸ್ವಲ್ಪವೇ ಕ್ರ್ಯಾಂಕ್ ಮಾಡಿ (ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ).