ಒಂದು ಗಿಟಾರ್, ಒಂದು ಕಂಠ: ನೀರ್ಚಾಲಿನ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ, ವಂದನೆಗಳು.

ಇಂಗ್ಲೆಂಡಿನ ಗಾಯಕ, ಗೀತಕಾರ ನಿಕ್ ಡ್ರೇಕ್‌ನ ‘ಪಿಂಕ್ ಮೂನ್’ ಎಂಬ ಆಲ್ಬಮ್ ಕುರಿತು ಕಳೆದ ಸಂಚಿಕೆಯಲ್ಲಿ ನಾವು ಪ್ರಕಟಿಸಿದ ಲೇಖನವನ್ನು ಓದಿ ತಾವು ಬರೆದ ದೀರ್ಘ ಪತ್ರ ತಲುಪಿತು. ಕಾಸರಗೋಡಿನ ಕನ್ನಡ ಪತ್ರಿಕೆಗೆ ಇರುವ ಕೆಲವೇ ಪುಟಗಳನ್ನು ಇಂಥ ವಿಷಯಕ್ಕೆ ಕೊಡಬೇಕಿತ್ತೇ ಎಂದು ತಾವು ಕೇಳಿದ್ದೀರಿ. ಒಬ್ಬ ಹುಡುಗ ಗಿಟಾರ್ ಹಿಡಿದು ಮೆಲ್ಲಗೆ ಹಾಡಿಕೊಂಡಿದ್ದರಲ್ಲಿ ಅಂಥದ್ದೇನಿದೆ, 26ನೇ ವಯಸ್ಸಿನಲ್ಲಿ ತೀರಿಕೊಳ್ಳದೆ ಇದ್ದಿದ್ದರೆ ಅವನನ್ನು ಈಗ ಯಾರು ಕೇಳುತ್ತಿದ್ದರು ಎಂಬುದು ತಮ್ಮ ಮುಖ್ಯ ಆಕ್ಷೇಪ. ತಮ್ಮ ಮೊಮ್ಮಗ ದಿನವೂ ರಾತ್ರಿ ಇದನ್ನೇ ಕೇಳುತ್ತಾನೆಂಬ ಆತಂಕವೂ, ಕೇಳುವುದಾದರೆ ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಯೂ ಪತ್ರದ ಕೊನೆಯಲ್ಲಿವೆ.

ಪುಟಗಳ ವಿಷಯವನ್ನು ಬೇಗ ಮುಗಿಸುತ್ತೇನೆ. ಮಂಜೇಶ್ವರದಲ್ಲಿ ಕುಳಿತು ಗೋವಿಂದ ಪೈಯವರು ಜಪಾನಿನ ‘ನೋ’ ನಾಟಕಗಳನ್ನು ಕನ್ನಡಕ್ಕೆ ತಂದರು, ಕ್ರಿಸ್ತನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು. ಗಡಿನಾಡಿನ ಕನ್ನಡಕ್ಕೆ ಹೊರಗಿನದನ್ನು ನೋಡುವ ಅಭ್ಯಾಸ ನಮ್ಮ ಪತ್ರಿಕೆಯಿಂದ ಶುರುವಾದದ್ದಲ್ಲ.

ಇನ್ನು ಮುಖ್ಯ ಆಕ್ಷೇಪ. ಸಾವಿನ ಕಥೆ ಡ್ರೇಕ್‌ನ ಹೆಸರಿನ ಸುತ್ತ ದಟ್ಟವಾಗಿ ಬೆಳೆದಿರುವುದು ನಿಜ. ಆ ಕಥೆಯನ್ನೇ ಪ್ರೀತಿಸಿ ಹಾಡನ್ನು ಅರ್ಧ ಕಿವಿಯಲ್ಲಿ ಕೇಳುವವರೂ ಇದ್ದಾರೆ, ಅವರ ವಿಷಯದಲ್ಲಿ ತಮ್ಮ ಸಿಡಿಮಿಡಿ ನನಗೂ ಇದೆ. ಆದರೆ ಕಾಲಾನುಕ್ರಮವನ್ನು ಗಮನಿಸಬೇಕು. ಆಲ್ಬಮ್ ಧ್ವನಿಮುದ್ರಣಗೊಂಡದ್ದು 1971ರ ಅಕ್ಟೋಬರಿನಲ್ಲಿ, ಬಿಡುಗಡೆಯಾದದ್ದು 1972ರ ಫೆಬ್ರವರಿಯಲ್ಲಿ. ಅವನು ತೀರಿಕೊಂಡದ್ದು 1974ರ ನವೆಂಬರ್ 25ರಂದು, ಖಿನ್ನತೆಗೆ ಕೊಟ್ಟಿದ್ದ ಔಷಧಿಯ ಅತಿಸೇವನೆಯಿಂದ. ನಡುವಿನ ಮೂರು ವರ್ಷಗಳಲ್ಲಿ ಆಸ್ಪತ್ರೆಯ ವಾಸವೂ ಇತ್ತು, 1974ರಲ್ಲಿ ಸ್ಟುಡಿಯೊಗೆ ಮರಳಿ ಮತ್ತಷ್ಟು ಹಾಡುಗಳನ್ನು ಮುದ್ರಿಸಿದ ಪ್ರಯತ್ನವೂ ಇತ್ತು. ಮರಣ ವಿಚಾರಣಾಧಿಕಾರಿ ಅವನ ಸಾವನ್ನು ಆತ್ಮಹತ್ಯೆಯೆಂದು ದಾಖಲಿಸಿದರೂ ಅವನನ್ನು ಬಲ್ಲ ಹಲವರು ಆ ತೀರ್ಮಾನವನ್ನು ಒಪ್ಪಲಿಲ್ಲ. ಆದ್ದರಿಂದ ‘ಪಿಂಕ್ ಮೂನ್’ ಅನ್ನು ಮರಣಪತ್ರವೆಂಬಂತೆ ಓದುವುದು ತಪ್ಪು. ಮುದ್ರಣದ ಹೊತ್ತಿಗೆ ಅವನ ಮನಸ್ಸು ಹದಗೆಟ್ಟಿತ್ತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಹದಗೆಟ್ಟ ಮನಸ್ಸು ಒಂದು ಆಲ್ಬಮನ್ನು ತಾನಾಗಿ ಕಟ್ಟಿಕೊಡುವುದಿಲ್ಲ, ಕಟ್ಟುವುದಕ್ಕೆ ಕೈಯ ಅಭ್ಯಾಸವೂ ಕಿವಿಯ ವಿವೇಕವೂ ಬೇಕಾಗುತ್ತವೆ.

ಅವನ ಕೈಯಲ್ಲಿ ಎಂಥ ಅಭ್ಯಾಸವಿತ್ತೆಂಬುದು ಹಿಂದಿನ ಎರಡು ಆಲ್ಬಮ್‌ಗಳಿಂದಲೇ ತಿಳಿಯುತ್ತದೆ. 1969ರ ‘ಫೈವ್ ಲೀವ್ಸ್ ಲೆಫ್ಟ್’ನಲ್ಲಿ ಕಾಲೇಜಿನ ಗೆಳೆಯ ರಾಬರ್ಟ್ ಕರ್ಬಿ ಹಲವು ಹಾಡುಗಳಿಗೆ ಪಿಟೀಲುಗಳ ಸಂಯೋಜನೆ ಮಾಡಿದ್ದ, 1971ರ ‘ಬ್ರೈಟರ್ ಲೇಟರ್’ನಲ್ಲಿ ಡ್ರಮ್ಸ್, ಬಾಸ್, ಸ್ಯಾಕ್ಸೊಫೋನ್ ಎಲ್ಲವೂ ಸೇರಿದ್ದವು. ಎರಡನ್ನೂ ನಿರ್ಮಿಸಿದವರು ಜೋ ಬಾಯ್ಡ್. ಎರಡೂ ಕೆಲವೇ ಸಾವಿರ ಪ್ರತಿಗಳಷ್ಟು ಮಾರಾಟವಾದವು. ಬಾಯ್ಡ್ ಅಮೆರಿಕಕ್ಕೆ ಹೋದ ಮೇಲೆ ಡ್ರೇಕ್, ಲಂಡನ್ನಿನ ಚೆಲ್ಸಿಯಲ್ಲಿದ್ದ ಸೌಂಡ್ ಟೆಕ್ನಿಕ್ಸ್ ಸ್ಟುಡಿಯೊದಲ್ಲಿ ತನಗೆ ಪರಿಚಿತನಾಗಿದ್ದ ಧ್ವನಿ ಎಂಜಿನಿಯರ್ ಜಾನ್ ವುಡ್ ಒಬ್ಬನನ್ನೇ ಜೊತೆಗಿಟ್ಟುಕೊಂಡು, ಎರಡು ರಾತ್ರಿಗಳಲ್ಲಿ 11 ಹಾಡುಗಳನ್ನು ಮುಗಿಸಿದ. ಒಟ್ಟು ಅವಧಿ ಸುಮಾರು 28 ನಿಮಿಷ. ಶೀರ್ಷಿಕೆಯ ಹಾಡಿಗೆ ಆಮೇಲೆ ಸೇರಿಸಿದ ಪುಟ್ಟ ಪಿಯಾನೊ ತುಣುಕೊಂದನ್ನು ಬಿಟ್ಟರೆ ಕಂಠ ಮತ್ತು ಗಿಟಾರ್ ಮಾತ್ರ, ಮತ್ತೇನೂ ಇಲ್ಲ. ಬೇರೆ ವಾದ್ಯ ಸೇರಿಸುವುದು ಅವನಿಗೆ ಬೇಡವಾಗಿತ್ತು.

ತಾವು ತಾಳಮದ್ದಳೆಯ ಒಳ್ಳೆಯ ಶ್ರೋತೃಗಳೆಂದು ಪತ್ರದಿಂದ ತಿಳಿದದ್ದರಿಂದ ಈ ಮಾತು. ಯಕ್ಷಗಾನ ಬಯಲಾಟದಲ್ಲಿ ಕಿರೀಟವಿದೆ, ಬಣ್ಣವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿ ಪಂಚೆ, ಶಾಲಿನಲ್ಲಿ ಕುಳಿತು ಬರಿಯ ಮಾತಿನಿಂದ ಕೌರವನನ್ನು ಎದುರಿಗೆ ನಿಲ್ಲಿಸಬೇಕು. ವೇಷ ಕಳಚಿತೆಂದು ಅವನ ಕೆಲಸ ಹಗುರಾಗುವುದಿಲ್ಲ, ಸಡಿಲವಾದ ಒಂದು ಮಾತನ್ನು ಮರೆಸಲು ಯಾವ ಧೀಂಗಣದ ಕುಣಿತವೂ ನೆರವಿಗೆ ಬಾರದು. ‘ಬ್ರೈಟರ್ ಲೇಟರ್’ನಿಂದ ‘ಪಿಂಕ್ ಮೂನ್’ಗೆ ಬರುವಾಗ ನಡೆದದ್ದು ಇದೇ. ತಾವು ‘ಮೆಲ್ಲಗೆ ಹಾಡಿಕೊಂಡದ್ದು’ ಎಂದ ಆ ಹಾಡುಗಳಲ್ಲಿ ಹೆಬ್ಬೆರಳು ಮಂದ್ರದ ತಂತಿಗಳ ಮೇಲೆ ಒಂದೇ ನಡೆಯನ್ನು ಕದಲದಂತೆ ಹಿಡಿದಿರುತ್ತದೆ. ಉಳಿದ ಬೆರಳುಗಳು ಅದರ ಮೇಲೆ ಬೇರೊಂದು ಲಯವನ್ನು ಹೆಣೆಯುತ್ತವೆ. ಕಂಠವೋ ಈ ಎರಡಕ್ಕೂ ಅಂಟಿಕೊಳ್ಳದೆ ಸ್ವಲ್ಪ ತಡವಾಗಿ, ಅವಸರವಿಲ್ಲದೆ ಬಂದು ಸೇರುತ್ತದೆ. ಗಿಟಾರಿನ ತಂತಿಗಳನ್ನು ಎಲ್ಲರೂ ಮಾಡುವ ಶ್ರುತಿಯಲ್ಲಿ ಬಿಡದೆ, ಅತಿ ಮಂದ್ರದ ತಂತಿಯನ್ನು ಬಹಳಷ್ಟು ಸಡಿಲಿಸಿ, ಹಾಡಿಗೆ ತಕ್ಕಂತೆ ಬೇರೆ ಬೇರೆ ಶ್ರುತಿಗಳನ್ನು ಅವನು ಕಟ್ಟಿಕೊಂಡಿದ್ದ. ಕಛೇರಿಗಳಲ್ಲಿ ಅವನು ಸೋಲಲು ಇದೂ ಒಂದು ಕಾರಣವೆನ್ನುತ್ತಾರೆ: ಪ್ರತಿ ಹಾಡಿನ ಮುನ್ನ ಶ್ರುತಿ ಬದಲಿಸುತ್ತಾ ನಿಂತರೆ, ಸಭಿಕರೊಡನೆ ಒಂದು ಮಾತನ್ನೂ ಆಡದಿದ್ದರೆ, ಜನ ಎಷ್ಟು ಹೊತ್ತು ಸುಮ್ಮನಿದ್ದಾರು? ‘ನೋ’ (Know) ಎಂಬ ಹಾಡಿನಲ್ಲಿ ನಾಲ್ಕೇ ಸಾಲುಗಳು, ಗಿಟಾರಿನಲ್ಲಿ ಒಂದೇ ಪುಟ್ಟ ಸ್ವರಗುಚ್ಛದ ಆವರ್ತನೆ. ಅಷ್ಟರಲ್ಲೇ ಹಾಡು ನಿಲ್ಲುತ್ತದೆ, ಇನ್ನೊಂದು ಸಾಲು ಬೇಕೆನಿಸುವುದಿಲ್ಲ.

ಜಾನ್ ವುಡ್‌ನ ಪಾಲನ್ನೂ ಮರೆಯಬಾರದು. ಮುದ್ರಣ ಎಷ್ಟು ಹತ್ತಿರದ್ದೆಂದರೆ ಬೆರಳು ತಂತಿಯ ಮೇಲೆ ಜಾರುವ ಸದ್ದೂ, ಸಾಲಿನ ಮುನ್ನ ಎಳೆದ ಉಸಿರೂ ಕೇಳುತ್ತವೆ. ದೊಡ್ಡ ಸಭಾಂಗಣದ ಗುಂಗು ಇಲ್ಲ, ಚಪ್ಪಾಳೆ ಇಲ್ಲ, ಯಾರನ್ನೂ ಮೆಚ್ಚಿಸುವ ಆತುರವಿಲ್ಲ. ಕೇಳುಗರಲ್ಲಿ ಪ್ರತಿಯೊಬ್ಬರೂ ಇದನ್ನು ತಮ್ಮೊಬ್ಬರದೇ ಎಂಬಂತೆ ಬಚ್ಚಿಟ್ಟುಕೊಂಡು ಪ್ರೀತಿಸುವುದಕ್ಕೆ ಈ ಸಾಮೀಪ್ಯವೇ ಕಾರಣವೆಂದು ನಾನು ತಿಳಿಯುತ್ತೇನೆ. ಹಾಡುವವನ ದುಃಖಕ್ಕೆ ನಾವು ಮರುಗುತ್ತಿಲ್ಲ. ನಮ್ಮನ್ನು ಅವನು ಅಷ್ಟು ಹತ್ತಿರ ಕೂರಿಸಿಕೊಂಡಿದ್ದಾನೆ, ಅದು ನಮಗೆ ಹಿಡಿಸಿದೆ.

ಈ ಪ್ರೀತಿ ಹಬ್ಬಿದ ಬಗೆಯೂ ತಮ್ಮ ಆಕ್ಷೇಪಕ್ಕೆ ಉತ್ತರವಾಗಬಲ್ಲದು. ಸಾವು ಒಂದೇ ಸಾಕಾಗಿದ್ದರೆ 1975ರಲ್ಲೇ ಅವನು ಪ್ರಸಿದ್ಧನಾಗಬೇಕಿತ್ತು. ಹಾಗಾಗಲಿಲ್ಲ. 1979ರಲ್ಲಿ ಮೂರೂ ಆಲ್ಬಮ್‌ಗಳನ್ನು ಸೇರಿಸಿ ‘ಫ್ರೂಟ್ ಟ್ರೀ’ ಎಂಬ ಸಂಪುಟ ಹೊರಬಂದಾಗಲೂ ಗದ್ದಲವೇನೂ ಆಗಲಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ, ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಹಾಡುಗಳು ದಾಟಿದವು. ವಾರಿಕ್‌ಷೈರಿನ ಟ್ಯಾನ್‌ವರ್ತ್-ಇನ್-ಆರ್ಡನ್ ಎಂಬ ಹಳ್ಳಿಯಲ್ಲಿದ್ದ ಅವನ ತಂದೆ ತಾಯಿ, ಹುಡುಕಿಕೊಂಡು ಬಂದ ಅಪರಿಚಿತ ತರುಣರನ್ನು ಮನೆಯೊಳಗೆ ಕರೆದು ಮಾತನಾಡಿಸುತ್ತಿದ್ದರು. ತಾಯಿ ಮಾಲಿ ಡ್ರೇಕ್ ತಾವೂ ಪಿಯಾನೊ ನುಡಿಸುತ್ತಾ ಹಾಡು ಕಟ್ಟುತ್ತಿದ್ದವರು. ಆಕೆಯ ಮನೆಮುದ್ರಣಗಳು ಆಕೆ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ, 2013ರಲ್ಲಿ, ಎಲ್ಲೆಡೆ ಬಿಡುಗಡೆಯಾದವು. ಅವನ್ನು ಕೇಳಿದವರಿಗೆ ಮಗನ ಹಾಡಿನ ಬೇರು ಎಲ್ಲಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇದರ ನಡುವೆ 1999ರಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿಗೆ ಶೀರ್ಷಿಕೆಯ ಹಾಡನ್ನು ಬಳಸಿದರು. ನಾಲ್ವರು ತರುಣ ತರುಣಿಯರು ಬೆಳದಿಂಗಳಲ್ಲಿ ಕಾರಿನಲ್ಲಿ ಒಂದು ಪಾರ್ಟಿಗೆ ಹೋಗಿ, ಅಲ್ಲಿನ ಗದ್ದಲ ಕಂಡು ಇಳಿಯದೆ ಹಿಂತಿರುಗುವುದಷ್ಟೇ ಅದರ ಕಥೆ. ಆಲ್ಬಮಿನ ಮಾರಾಟ ಅಲ್ಲಿ ಹಲವು ಪಟ್ಟು ಏರಿತು. ಹಳೆಯ ಅಭಿಮಾನಿಗಳಲ್ಲಿ ಕೆಲವರಿಗೆ ಇದು ಕಸಿವಿಸಿಯಾಯಿತು. ನನಗೆ ಮಾತ್ರ ಇದರಲ್ಲಿ ತಕರಾರಿಲ್ಲ. ಟಿವಿಯಲ್ಲಿ ಆ ಹಾಡನ್ನು ಕೇಳಿ ಅಂಗಡಿಗೆ ಹೋದ ಬಹುತೇಕರಿಗೆ ಹಾಡಿದವನು ಬದುಕಿದ್ದಾನೋ ಇಲ್ಲವೋ ಎಂಬುದೇ ತಿಳಿದಿರಲಾರದು. ಅವರಿಗೆ ಹಿಡಿಸಿದ್ದು ಹಾಡೇ.

ಮೊಮ್ಮಗನ ವಿಷಯ. ರಾತ್ರಿ ಮಲಗುವ ಮುನ್ನ ‘ಪಿಂಕ್ ಮೂನ್’ ಕೇಳುವ ಹುಡುಗನಿಗೆ ಅದರಿಂದಲೇ ಕೆಡುಕಾಗುತ್ತದೆಂದು ನಾನು ಭಾವಿಸುವುದಿಲ್ಲ. ಅವನು ಊಟ, ಓದು, ಗೆಳೆಯರನ್ನು ಬಿಟ್ಟು ಮಂಕಾಗಿದ್ದರೆ ಅದನ್ನು ಬೇರೆಯಾಗಿಯೇ ವಿಚಾರಿಸಿ, ಅಗತ್ಯವಿದ್ದರೆ ವೈದ್ಯರ ಬಳಿಗೂ ಕರೆದೊಯ್ಯಿರಿ. ಇಯರ್‌ಫೋನನ್ನು ಕಿತ್ತಿಟ್ಟರೆ ಆ ಕೆಲಸ ಆದಂತಾಗುವುದಿಲ್ಲ. ಆಲ್ಬಮಿನ ಕೊನೆಯ ಹಾಡು ಬೆಳಗಿನ ಕುರಿತದ್ದು, ಪ್ರಸನ್ನವಾದದ್ದು, ಎಂಬುದನ್ನೂ ಗಮನಿಸಿರಿ. ಅದರ ಸಾಲೊಂದನ್ನೇ ಹೆತ್ತವರು ಡ್ರೇಕ್‌ನ ಸಮಾಧಿಯ ಕಲ್ಲಿನ ಹಿಂಬದಿಯಲ್ಲಿ ಕೆತ್ತಿಸಿದ್ದಾರೆ.

ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೆ ನನ್ನ ಸಲಹೆಯೆಂದರೆ ತಾವು ಇದರಿಂದ ಆರಂಭಿಸದೆ ‘ಫೈವ್ ಲೀವ್ಸ್ ಲೆಫ್ಟ್’ ಅನ್ನು ಮೊದಲು ಕೇಳುವುದು. ಪಿಟೀಲುಗಳ ಜೊತೆಯಲ್ಲಿ ಅವನ ಕಂಠ ಪರಿಚಯವಾದ ಮೇಲೆ ‘ಪಿಂಕ್ ಮೂನ್’ಗೆ ಬಂದರೆ ಅವನು ಏನನ್ನು ಬಿಟ್ಟುಕೊಟ್ಟನೆಂಬುದು ಸ್ಪಷ್ಟವಾಗುತ್ತದೆ. ಮೊಮ್ಮಗನನ್ನೇ ಕೇಳಿದರೆ ಎರಡನ್ನೂ ಹಾಕಿಕೊಟ್ಟಾನು. ಕೇಳಿದ ಮೇಲೂ ತಮ್ಮ ಅಭಿಪ್ರಾಯ ಬದಲಾಗದಿದ್ದರೆ ದಯವಿಟ್ಟು ಬರೆಯಿರಿ, ಆ ಪತ್ರವನ್ನೂ ಪ್ರಕಟಿಸುತ್ತೇವೆ.

— ಸಂಪಾದಕ