ನಗದವರು ಯಾರು?

ನಮಸ್ಕಾರ,

ಫ್ಯಾಷನ್ ಡಿಸೈನ್ ವಿದ್ಯಾರ್ಥಿಗಳು ವೀಲ್‌ಚೇರ್ ಬಳಸುವವರಿಗೆ ಬಟ್ಟೆ ಹೊಲಿದುಕೊಟ್ಟ ನಿಮ್ಮ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆಯೂ ಸಲೀಸು. ಆದರೆ ಒಂದು ಸಾಲು ಎರಡು ದಿನದಿಂದ ಕಾಡುತ್ತಿದೆ.

‘ವಿದ್ಯಾರ್ಥಿಗಳ ಆತ್ಮವಿಶ್ವಾಸ ಗಣನೀಯವಾಗಿ ಹೆಚ್ಚಿತು.’

ಯಾವ ವಿದ್ಯಾರ್ಥಿಯದ್ದು? ಯಾವ ಕೆಲಸದಲ್ಲಿ? ಗಣನೀಯ ಅಂದಿರಿ, ಎಣಿಸಿದವರು ಯಾರು? ಮುಂದಿನ ಸಾಲಲ್ಲಿ ಚಪ್ಪಾಳೆ, ಅದರ ಮುಂದೆ ಸರ್ಟಿಫಿಕೇಟ್. ನಡುವೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಹೆಸರನ್ನೂ ತಂದಿದ್ದೀರಿ. ಅವರು 1977ರಲ್ಲಿ ಹೇಳಿದ್ದೇ ಬೇರೆ ಅಲ್ವಾ? ‘ನನ್ನಿಂದ ಆಗುತ್ತೆ’ ಅನ್ನುವ ನಂಬಿಕೆ ಬೇರೆಯವರ ಹೊಗಳಿಕೆಗಿಂತ ಜಾಸ್ತಿ, ತಾನೇ ಮಾಡಿ ದಕ್ಕಿಸಿಕೊಂಡಾಗ ಗಟ್ಟಿಯಾಗುತ್ತದೆ. ನೀವು ಚಪ್ಪಾಳೆಯನ್ನೇ ಸಾಕ್ಷಿಗೆ ನಿಲ್ಲಿಸಿದ್ದೀರಿ.

ನಿಜವಾದ ಸಾಕ್ಷಿ ಮೂರನೇ ಪುಟದಲ್ಲಿದೆ. ‘ಮೊದಲ ಪ್ಯಾಂಟ್ ಹೊಂದಲಿಲ್ಲ, ಬದಲಾಯಿಸಲಾಯಿತು.’ ಅಯ್ಯೋ, ಇದನ್ನು ಹೇಗೆ ದಾಟಿ ಹೋದಿರಿ! ನಿಂತವರ ಅಳತೆಗೆ ಕತ್ತರಿಸಿದ ಪ್ಯಾಂಟ್ ಕೂತವರಿಗೆ ಹಿಂದೆ ಸೊಂಟದಿಂದ ಜಾರುತ್ತದೆ, ಮುಂದೆ ಹೊಟ್ಟೆಯ ಹತ್ತಿರ ಬಟ್ಟೆ ಗುಡ್ಡೆಯಾಗುತ್ತದೆ, ಹಿಂಬದಿ ಜೇಬಿನ ದಪ್ಪ ಹೊಲಿಗೆ ದಿನವಿಡೀ ಒತ್ತಿ ಒತ್ತಿ ಹುಣ್ಣೇ ಆಗಬಹುದು. ಹಿಂಭಾಗ ಎತ್ತರಿಸಬೇಕು, ಮುಂಭಾಗ ತಗ್ಗಿಸಬೇಕು, ಜೇಬು ತೊಡೆಯ ಮೇಲೆ ಬರಬೇಕು. ‘ಬದಲಾಯಿಸಲಾಯಿತು’ ಅಂದರೆ ಯಾರು ಬದಲಾಯಿಸಿದರು? ತಪ್ಪು ತೋರಿಸಿದ್ದು ಮೇಷ್ಟ್ರಾ, ಹಾಕಿಕೊಂಡವರಾ? ಎರಡನೇ ಸಲ ಚಾಕ್ ಹಿಡಿದಾಗ ಕೈ ನಡುಗಿತಾ?

ಇನ್ನೊಂದು, ‘ಫಲಾನುಭವಿಗಳು’. ಏಳು ಸಲ ಬರುತ್ತದೆ, ಅವರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಸರ್ವಿಸ್ ಲರ್ನಿಂಗ್ ಅಂದರೆ ಸೇವೆ ಮಾಡುತ್ತಲೇ ಕಲಿಯುವುದು, ಸುಮ್ನೆ ಬಟ್ಟೆ ದಾನ ಮಾಡಿ ಬರುವುದಲ್ಲ. ಕೂತ ಮೈಯ ಅಳತೆ ಹೇಗಿರುತ್ತದೆ ಅಂತ ಕಲಿಸಿದವರು ಅವರೇ ತಾನೇ?

ನಾನು ಕೆಲಸ ಕಲಿಯುವಾಗ ಒಂದು ಹೊಲಿಗೆ ತರಬೇತಿಯ ಬಗ್ಗೆ ಬರೆದು ‘ಎಲ್ಲರ ಮುಖದಲ್ಲೂ ನಗು’ ಅಂತ ಮುಗಿಸಿದ್ದೆ. ನಮ್ಮ ಹಿರಿಯ ಸಂಪಾದಕರು ಬೈಯಲಿಲ್ಲ. ‘ನಗದವರು ಯಾರಮ್ಮ?’ ಅಂದರು, ಅಷ್ಟೇ. ಮರುದಿನ ವಾಪಸ್ ಹೋದೆ. ಮೂಲೆಯ ಮೆಷಿನ್ ಮುಂದೆ ಒಬ್ಬಾಕೆ, ಮೂರು ಕಾಲರ್ ಕೆಡಿಸಿ ನಾಲ್ಕನೆಯದರ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಒಂದೊಂದೇ ಬಿಚ್ಚುತ್ತಿದ್ದರು. ಸಂಜೆವರೆಗೂ ಪಕ್ಕದಲ್ಲೇ ಕೂತೆ. ಕೊನೆಗೆ ಅಚ್ಚಾದದ್ದು ಆಕೆಯ ಕಥೆ.

ಆ ಪ್ಯಾಂಟ್ ಹಾಕಿಕೊಂಡವರನ್ನು ಕೇಳಿ, ಹೊಲಿದವರನ್ನೂ ಕೇಳಿ. ಅದೊಂದನ್ನೇ ಬರೆದು ಕಳಿಸಿ. ಕಾಯುತ್ತಿರುತ್ತೇನೆ.