ಸೂಪರ್ ಮಾರ್ಕೆಟ್‌ನವರದೇ ಹೆಸರಿನ ಅಗ್ಗದ ದಿನಸಿ ಕೊಂಡರೆ ನಿಜವಾಗಿ ಉಳಿತಾಯವಾಗುತ್ತದೆಯೇ?

ಮದುವೆಯಾಗಿ ಎಂಟು ತಿಂಗಳು, ಬೆಂಗಳೂರಿನಲ್ಲಿ ಬಾಡಿಗೆ ಮನೆ, ಅತ್ತೆ ಮಾವ ಸೇರಿ ನಾಲ್ಕು ಜನ, ದಿನಸಿಗೇ ತಿಂಗಳಿಗೆ ಒಂಬತ್ತು ಸಾವಿರ ಎಂದು ಬರೆದಿದ್ದೀರಿ. ಸೂಪರ್ ಮಾರ್ಕೆಟ್‌ನವರು ತಮ್ಮದೇ ಹೆಸರು ಹಾಕಿ ಮಾರುವ ಪೊಟ್ಟಣ ತಂದರೆ ಅತ್ತೆಯವರು ‘ಕಳಪೆ ಮಾಲು’ ಎನ್ನುತ್ತಾರೆ, ನಿಮಗೂ ಒಳಗೊಳಗೇ ಅಳುಕು. ಹಣ ಉಳಿಯುತ್ತದೆಯೇ, ಆರೋಗ್ಯಕ್ಕೇನೂ ಕುತ್ತಿಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಉಳಿಯುತ್ತದೆ. ನಮ್ಮ ಮನೆಯಲ್ಲಿ ಉಳಿದಿದೆ. ಆದರೆ ಒಂದೇ ತಿಂಗಳಲ್ಲಿ ಎಲ್ಲವನ್ನೂ ಬದಲಿಸಬೇಡಿ. ನಾನು ಹಾಗೆ ಮಾಡಿ ಅರ್ಧ ಸಾಮಾನು ಮೂಲೆಗೆ ಸೇರಿತ್ತು.

2020ರ ಲಾಕ್‌ಡೌನ್‌ನಲ್ಲಿ ನಮ್ಮ ಯಜಮಾನರ ಸಂಬಳ ಅರ್ಧಕ್ಕೆ ಇಳಿಯಿತು. ಬಾಡಿಗೆ ಇಳಿಯಲಿಲ್ಲ, ಮಕ್ಕಳ ಶಾಲೆಯ ಶುಲ್ಕ ಇಳಿಯಲಿಲ್ಲ. ನನ್ನ ಕೈಯಲ್ಲಿದ್ದದ್ದು ಅಡುಗೆಮನೆಯ ಖರ್ಚು ಒಂದೇ. ಅಂದಿನಿಂದ ದಿನಸಿಯ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಆ ವರ್ಷದ ಮಾರ್ಚ್‌ನಲ್ಲಿ 7,800 ಇದ್ದದ್ದು ಡಿಸೆಂಬರ್ ಹೊತ್ತಿಗೆ 6,100ಕ್ಕೆ ಬಂದಿತ್ತು. ತಟ್ಟೆಯಲ್ಲಿ ಅನ್ನ, ಸಾರು, ಪಲ್ಯ ಯಾವುದೂ ಕಡಿಮೆಯಾಗಿರಲಿಲ್ಲ.

ಮೊದಲು ತೊಗರಿಬೇಳೆಯ ಕಥೆ ಹೇಳುತ್ತೇನೆ, ನಿಮ್ಮ ಅತ್ತೆಯವರ ಮಾತಿಗೆ ಉತ್ತರ ಅದರಲ್ಲಿದೆ. ದೊಡ್ಡ ಕಂಪನಿಯ ಬೇಳೆ ಬಿಟ್ಟು ಅಂಗಡಿಯವರದೇ ಹೆಸರಿನ ಬೇಳೆ ತಂದ ಮೊದಲ ವಾರ ಸಾರು ಕೆಟ್ಟಿತು. ಮೂರು ಕೂಗು ಆದರೂ ಬೇಳೆ ಬೇಳೆಯಾಗಿಯೇ ನಿಂತಿತ್ತು. ತಟ್ಟೆಯಲ್ಲಿ ತಿಳಿ ಒಂದು ಕಡೆ, ಬೇಳೆ ಒಂದು ಕಡೆ. ‘ಅಗ್ಗದ ಬೇಳೆ ಬೇಯುವುದೇ ಇಲ್ಲ’ ಎಂದು ಯಜಮಾನರು ಎದ್ದು ಹೋದರು. ನನಗೆ ಅಳುವೇ ಬಂದಿತ್ತು. ಡಬ್ಬಿಯ ತಳದಲ್ಲಿ ಹಳೆಯ ಕಂಪನಿಯ ಬೇಳೆ ಒಂದು ಹಿಡಿ ಉಳಿದಿತ್ತು. ಮರುದಿನ ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿ ಹಾಕಿ, ಒಂದೇ ಕುಕ್ಕರಿನಲ್ಲಿ ಒಂದರ ಮೇಲೊಂದು ಇಟ್ಟೆ. ಮೂರು ಕೂಗು. ಮುಚ್ಚಳ ತೆಗೆದರೆ ಎರಡೂ ಬೆಂದಿರಲಿಲ್ಲ! ಆಗ ಹೊಳೆಯಿತು. ಆ ವಾರ ಕಾವೇರಿ ನೀರು ಬಂದಿರಲಿಲ್ಲ, ಸಂಪಿನಲ್ಲಿ ಇದ್ದದ್ದು ಪೂರ್ತಿ ಕೊಳವೆಬಾವಿಯ ನೀರು. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಕಾವೇರಿ ನೀರು ಬಂದ ದಿನ ಅದೇ ಅಗ್ಗದ ಬೇಳೆ ಸೌಟಿನ ಹಿಂಬದಿಯಲ್ಲಿ ಒತ್ತಿದರೆ ಬೆಣ್ಣೆಯಂತೆ ಕರಗಿತು. ತಪ್ಪು ನೀರಿನದು, ಬೈಸಿಕೊಂಡದ್ದು ಪೊಟ್ಟಣ. ಅಗ್ಗದ್ದು ಎಂದು ಮನಸ್ಸಿನಲ್ಲಿ ಕೂತರೆ ಅಡುಗೆಮನೆಯ ಎಲ್ಲ ತಪ್ಪೂ ಅದರ ತಲೆಗೇ ಬರುತ್ತದೆ.

ಇನ್ನು ಬೆಲೆ ಯಾಕೆ ಕಡಿಮೆ ಎಂಬುದು. ಟಿವಿಯಲ್ಲಿ ಜಾಹೀರಾತಿಲ್ಲ, ನಟನಟಿಯರಿಗೆ ಕೊಡುವ ಸಂಭಾವನೆ ಇಲ್ಲ, ನಡುವೆ ಸ್ಟಾಕಿಸ್ಟ್, ವಿತರಕ ಎಂದು ಕೈ ಬದಲಾಗುವುದಿಲ್ಲ. ಬೇರೆಯವರು ಕಣ್ಣಿನ ಮಟ್ಟದ ಶೆಲ್ಫಿಗೆ ದುಡ್ಡು ಕೊಟ್ಟು ಜಾಗ ಹಿಡಿಯಬೇಕು, ಅಂಗಡಿಯವರಿಗೆ ಅದು ತಮ್ಮದೇ ಮನೆ. ಡಿಮಾರ್ಟ್‌ನಲ್ಲಿ ‘ಪ್ರೀಮಿಯಾ’, ರಿಲಯನ್ಸ್‌ನಲ್ಲಿ ‘ಗುಡ್ ಲೈಫ್’, ಬಿಗ್ ಬಾಸ್ಕೆಟ್‌ನಲ್ಲಿ ‘ಬಿಬಿ ರಾಯಲ್’ ಮತ್ತು ಅದಕ್ಕಿಂತ ಅಗ್ಗದ ‘ಬಿಬಿ ಪಾಪ್ಯುಲರ್’ ಎಂದು ನೀವು ನೋಡುವುದೆಲ್ಲ ಈ ಬಗೆಯವು. ಇವರು ಬೇಳೆ ಬೆಳೆಯುವುದಿಲ್ಲ, ಬೇರೆ ಮಿಲ್ಲುಗಳಲ್ಲಿ ಮಾಡಿಸಿ, ತುಂಬಿಸಿ ಹೆಸರು ಹಾಕುತ್ತಾರೆ. ದೊಡ್ಡ ಕಂಪನಿಗಳೂ ಎಷ್ಟೋ ಸಾಮಾನನ್ನು ಹೀಗೇ ಹೊರಗೆ ಮಾಡಿಸುತ್ತವೆ. ಪೊಟ್ಟಣದ ಹಿಂದೆ ‘ತಯಾರಕರು’, ‘ಮಾರಾಟಗಾರರು’ ಎಂದು ಎರಡು ವಿಳಾಸ ಬೇರೆ ಬೇರೆ ಇದ್ದರೆ ವಿಷಯ ಇದೇ.

ಆರೋಗ್ಯದ ಭಯ ಬಿಡಿ. ಅಂಗಡಿಯ ಪೊಟ್ಟಣಕ್ಕೆ ಒಂದು, ಕಂಪನಿಯ ಪೊಟ್ಟಣಕ್ಕೆ ಇನ್ನೊಂದು ಎಂದು ಎರಡು ಕಾನೂನು ನಮ್ಮಲ್ಲಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆ ಎರಡಕ್ಕೂ ಒಂದೇ. ಹಿಂಬದಿಯಲ್ಲಿ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತಿನ ಜೊತೆ 14 ಅಂಕಿಗಳ ಪರವಾನಗಿ ಸಂಖ್ಯೆ ಇರಲೇಬೇಕು. ಅಯೋಡಿನ್ ಉಪ್ಪನ್ನೇ ನೋಡಿ. ನಮ್ಮ ಕೈಗೆ ಬರುವಾಗ ಅದರಲ್ಲಿ ಹತ್ತು ಲಕ್ಷ ಪಾಲಿಗೆ ಕನಿಷ್ಠ 15 ಪಾಲು ಅಯೋಡಿನ್ ಇರಬೇಕು ಎಂಬ ನಿಯಮ ಎಲ್ಲ ಉಪ್ಪಿಗೂ ಅನ್ವಯ. ಹಾಗಿರುವಾಗ ಉಪ್ಪಿಗೆ ಹೆಚ್ಚು ಹಣ ಕೊಟ್ಟು ತರುವುದೇನು? ನಾನಂತೂ ಕಾಣೆ. ಜಾಮ್ ಕೂಡ ಹೀಗೆಯೇ. ಬಹುತೇಕ ಹಣ್ಣುಗಳ ಜಾಮ್‌ನಲ್ಲಿ ಹಣ್ಣು ಕನಿಷ್ಠ ಶೇ 45 ಇರಬೇಕು. ಎರಡು ಬಾಟಲಿಗಳ ಹಿಂಬದಿ ಓದಿದರೆ ಎಷ್ಟೋ ಸಲ ಒಂದೇ ಅಂಕಿ ಕಾಣುತ್ತದೆ.

ಹಾಗಾಗಿ ಉಪ್ಪು, ಸಕ್ಕರೆ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ರವೆ, ಅವಲಕ್ಕಿ, ಕಡಲೆಕಾಯಿ ಬೀಜ, ಹುರಿಗಡಲೆ ಇವಿಷ್ಟನ್ನು ಮೊದಲ ತಿಂಗಳೇ ಕಣ್ಣು ಮುಚ್ಚಿ ಬದಲಿಸಿ. ಬೇಳೆ ಮಾತ್ರ ಅತಿಯಾಗಿ ಫಳಫಳ ಹೊಳೆಯುವುದನ್ನು ಬಿಟ್ಟು, ಸ್ವಲ್ಪ ಮಂಕಾಗಿರುವ, ಪಾಲಿಶ್ ಮಾಡದ್ದನ್ನು ಆರಿಸಿಕೊಳ್ಳಿ. ಕಲಬುರಗಿಯ ಬೇಳೆ ಸಿಕ್ಕರೆ ಬಿಡಬೇಡಿ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ), ಅಂದರೆ ಆ ನೆಲದ್ದೇ ವಿಶೇಷ ಎಂಬ ಮನ್ನಣೆ ಸಿಕ್ಕಿದೆ, ರುಚಿಯಲ್ಲೂ ಅದು ಬೇರೆಯೇ.

ಉದ್ದಿನಬೇಳೆಯಲ್ಲಿ ನಾನು ಸೋತಿದ್ದೇನೆ. ಇಡ್ಲಿಗೆ ಬೇಕಾದದ್ದು ರುಬ್ಬಿದಾಗ ಒದಗುವ ಉದ್ದು. ಕಿಲೋಗೆ ಮೂವತ್ತು ರೂಪಾಯಿ ಕಡಿಮೆ ಎಂದು ತಂದ ಬೇಳೆ ಗ್ರೈಂಡರಿನಲ್ಲಿ ಅರ್ಧ ಗಂಟೆ ತಿರುಗಿದರೂ ಮೇಲೆ ಬರಲಿಲ್ಲ, ಲೋಟಕ್ಕೆ ಬದಲು ಒಂದೂವರೆ ಲೋಟ ಹಾಕಬೇಕಾಯಿತು. ಅಂದ ಮೇಲೆ ಉಳಿದದ್ದೇನು? ಈಗ ಇಡ್ಲಿಗೆ ಗುಂಡು ಉದ್ದನ್ನು ಗುರುತಿನ ಕಿರಾಣಿ ಅಂಗಡಿಯಲ್ಲೇ ಬಿಡಿಯಾಗಿ ತರುತ್ತೇನೆ. ಒಗ್ಗರಣೆಗೆ ಯಾವ ಉದ್ದಾದರೂ ನಡೆಯುತ್ತದೆ. ಅಕ್ಕಿಯೂ ಹೀಗೆಯೇ, ಹೆಸರಿಗಿಂತ ಎಷ್ಟು ಹಳೆಯದು ಎಂಬುದು ಮುಖ್ಯ. ಹೊಸ ಸೋನಾ ಮಸೂರಿ ಯಾರ ಚೀಲದಲ್ಲಿದ್ದರೂ ಮುದ್ದೆಯಾಗುತ್ತದೆ. ಇಪ್ಪತ್ತೈದು ಕಿಲೋ ಚೀಲಕ್ಕೆ ಕೈ ಹಾಕುವ ಮೊದಲು ಒಂದು ಕಿಲೋ ತಂದು ಮಾಡಿ ನೋಡಿ.

ಚಹಾಪುಡಿ, ಪಾತ್ರೆ ತೊಳೆಯುವ ದ್ರವ, ಬಟ್ಟೆಯ ಪುಡಿ ಇವುಗಳಲ್ಲಿ ತಯಾರಿಸುವವರ ಕೈಗುಣ ಇರುತ್ತದೆ. ಒಂದು ಅಂಗಡಿಯವರ ಚಹಾ ಬಣ್ಣ ಬಿಟ್ಟಿತು, ಘಮ ಬಿಡಲಿಲ್ಲ. ಇನ್ನೊಂದು ಕಡೆಯ ಪಾತ್ರೆ ದ್ರವವನ್ನು ಎರಡು ಪಾಲು ಸುರಿದರೂ ತುಪ್ಪದ ಜಿಡ್ಡು ಹೋಗಲಿಲ್ಲ. ಇಂಥವುಗಳ ಅತಿ ಚಿಕ್ಕ ಪೊಟ್ಟಣ ತಂದು ಮನೆಯವರಿಗೆಲ್ಲ ಒಪ್ಪಿಗೆಯಾದರೆ ಮುಂದುವರಿಸಿ, ಇಲ್ಲವಾದರೆ ಹಳೆಯದಕ್ಕೆ ಮರಳಿ. ಅದರಲ್ಲಿ ನಾಚಿಕೆಯೇನಿಲ್ಲ. ತುಪ್ಪಕ್ಕೆ ಮಾತ್ರ ನಾನು ಪ್ರಯೋಗ ಮಾಡುವುದಿಲ್ಲ, ನಂದಿನಿ ತುಪ್ಪವೇ ಬರುತ್ತದೆ.

ಕಾಫಿಯ ಬಗ್ಗೆ ಎರಡು ಮಾತು, ಏಕೆಂದರೆ ನಾವು ಬೆಂಗಳೂರಿನವರು ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ಕಾಫಿ ಮತ್ತು ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51 ಇದ್ದರೆ ಕಾನೂನಿಗೆ ಸಾಕು. ಅಗ್ಗದ ಪೊಟ್ಟಣದಲ್ಲೂ, ಹೆಸರಾದ ಪೊಟ್ಟಣದಲ್ಲೂ ಅರ್ಧಕ್ಕೆ ಹತ್ತಿರ ಚಿಕೋರಿ ಇರುವುದನ್ನು ನೋಡಿದ್ದೇನೆ. ಮುಂದೆ ಚಂದದ ಚಿತ್ರ, ಹಿಂದೆ ಸಣ್ಣಕ್ಷರದಲ್ಲಿ ಅಂಕಿ. ನಿಮ್ಮ ಬಡಾವಣೆಯಲ್ಲಿ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಇದ್ದೇ ಇರುತ್ತದೆ, 80ಕ್ಕೆ 20 ಎಂದು ಹೇಳಿ ಕಾಲು ಕಿಲೋ ಮಾಡಿಸಿಕೊಳ್ಳಿ. ಹುಳಿಪುಡಿ, ಸಾರಿನ ಪುಡಿಗೂ ಹಾಗೆಯೇ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಡಲೆಬೇಳೆ ತಂದು ಮನೆಯಲ್ಲಿ ಹುರಿದು ಪುಡಿ ಮಾಡಿದರೆ ಯಾವ ಬ್ರ್ಯಾಂಡೂ ಆ ಬೆಲೆಗೆ, ಆ ರುಚಿಗೆ ಬರುವುದಿಲ್ಲ. ಈ ಕೆಲಸ ನಿಮ್ಮ ಅತ್ತೆಯವರಿಗೆ ನಿಮಗಿಂತ ಚೆನ್ನಾಗಿ ಬರುತ್ತದೆ ಎಂದು ನನ್ನ ಊಹೆ. ಕೇಳಿ ನೋಡಿ.

ಅಂಗಡಿಯೊಳಗೆ ಕಾಲಿಟ್ಟ ಮೇಲೆ ಎರಡು ಕಡೆ ಎಚ್ಚರ ಬೇಕು. ‘ಎಂಆರ್‌ಪಿ ಮೇಲೆ ಶೇ 40 ಕಡಿತ’ ಎಂಬ ಕೆಂಪು ಚೀಟಿ ನೋಡಿ ಮರುಳಾಗಬೇಡಿ. ಅಂಗಡಿಯದೇ ಬ್ರ್ಯಾಂಡ್ ಆದರೆ ಎಂಆರ್‌ಪಿ ಬರೆಯುವವರೂ ಅವರೇ, ಕಡಿತ ಕೊಡುವವರೂ ಅವರೇ. ನೋಡಬೇಕಾದದ್ದು ಕಿಲೋಗೆ ಎಷ್ಟು ಎಂಬುದನ್ನು. ಇದನ್ನು ಪೊಟ್ಟಣದ ಮೇಲೆಯೇ ಮುದ್ರಿಸಬೇಕೆಂದು ಕೆಲವು ವರ್ಷಗಳಿಂದ ನಿಯಮವಿದೆ. ಒಂದು ಕಿಲೋಗಿಂತ ಹೆಚ್ಚಿನ ಪೊಟ್ಟಣಕ್ಕೆ ಕಿಲೋ ಲೆಕ್ಕದಲ್ಲಿ, ಅದಕ್ಕಿಂತ ಚಿಕ್ಕದಕ್ಕೆ ಗ್ರಾಂ ಲೆಕ್ಕದಲ್ಲಿ ಇರುತ್ತದೆ. ‘ಗ್ರಾಂಗೆ 0.19 ರೂಪಾಯಿ’ ಎಂದಿದ್ದರೆ ಕಿಲೋಗೆ 190. ಈ ನಿಯಮ ತಂದ ತಿದ್ದುಪಡಿಯಲ್ಲೇ ಪೊಟ್ಟಣ ಇಷ್ಟೇ ಅಳತೆಯದಿರಬೇಕು ಎಂಬ ಹಳೆಯ ನಿರ್ಬಂಧವನ್ನೂ ತೆಗೆದುಹಾಕಿದರು. ಅದರಿಂದ ಎಣ್ಣೆಯಲ್ಲಿ ನನಗೆ ಒಮ್ಮೆ ಏಟು ಬಿತ್ತು. ಪಕ್ಕಪಕ್ಕದಲ್ಲಿದ್ದ ಎರಡು ಪ್ಯಾಕೆಟ್, ಎತ್ತರ ಒಂದೇ, ಅಗಲ ಒಂದೇ. ಹನ್ನೆರಡು ರೂಪಾಯಿ ಅಗ್ಗವಾದದ್ದನ್ನು ತಂದು ಡಬ್ಬಿಗೆ ಸುರಿದೆ, ಎಂದಿನ ಗೆರೆಗೆ ಬರಲೇ ಇಲ್ಲ. ಕಸದ ಬುಟ್ಟಿಯಿಂದ ಖಾಲಿ ಪ್ಯಾಕೆಟ್ ತೆಗೆದು ನೋಡಿದರೆ 850 ಮಿಲಿಲೀಟರ್. ಲೀಟರಿನ ಲೆಕ್ಕದಲ್ಲಿ ಅದೇ ದುಬಾರಿ.

ಇನ್ನೊಂದು ವಿಷಯ, ಬಿಡಿ ದಿನಸಿ. 2022ರ ಜುಲೈ 18ರಿಂದ ಇಪ್ಪತ್ತೈದು ಕಿಲೋವರೆಗಿನ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಹಿಟ್ಟಿನ ಪೊಟ್ಟಣಕ್ಕೆಲ್ಲ ಶೇ 5 ಜಿಎಸ್‌ಟಿ ಇದೆ, ಹೆಸರು ದೊಡ್ಡದಿರಲಿ ಚಿಕ್ಕದಿರಲಿ. ಮೂಲೆಯಂಗಡಿಯವರು ಚೀಲದಿಂದ ತೂಗಿ ಕೊಡುವ ಬೇಳೆಗೆ ಆ ತೆರಿಗೆ ಇಲ್ಲ. ಎಷ್ಟೋ ತಿಂಗಳು ನನ್ನ ನೋಟ್‌ಬುಕ್ಕಿನಲ್ಲಿ ಸೂಪರ್ ಮಾರ್ಕೆಟ್‌ನ ಅಗ್ಗದ ಪೊಟ್ಟಣಕ್ಕಿಂತ ಮೂಲೆಯಂಗಡಿಯ ಬಿಡಿ ಕಡಲೆಬೇಳೆಯೇ ಕಡಿಮೆ ಬೆಲೆಯದು. ಮೊರದಲ್ಲಿ ಹಾಕಿ ಒಮ್ಮೆ ಕಲ್ಲು ಆರಿಸಬೇಕು, ಅಷ್ಟೇ. ಆ ಅಂಗಡಿಗೆ ಹೋದರೆ ಬೇಕಾದ್ದನ್ನಷ್ಟೇ ತರುತ್ತೇವೆ. ಸೂಪರ್ ಮಾರ್ಕೆಟ್‌ನಲ್ಲಿ ತಳ್ಳುಗಾಡಿ ಹಿಡಿದರೆ ಉಪ್ಪಿನಲ್ಲಿ ಉಳಿಸಿದ ಹತ್ತು ರೂಪಾಯಿ ಬಿಸ್ಕತ್ತಿನ ಸಾಲಿನಲ್ಲಿ ಇನ್ನೂರಾಗಿ ಹೋಗುತ್ತದೆ. ಮನೆಯಲ್ಲೇ ಚೀಟಿ ಬರೆದುಕೊಂಡು, ಊಟ ಮಾಡಿ ಹೊರಡಿ.

ಅತ್ತೆಯವರಿಗೆ ಹೇಳದೆ ಹೊಸ ಬೇಳೆಯನ್ನು ಹಳೆಯ ಡಬ್ಬಿಗೆ ಸುರಿದಿಡುವ ಯೋಚನೆ ಇದೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ದಿನ ಗೊತ್ತಾಗುತ್ತದೆ, ಆಮೇಲೆ ನೀವು ತಂದ ಒಳ್ಳೆಯ ಸಾಮಾನನ್ನೂ ಅವರು ನಂಬುವುದಿಲ್ಲ. ನಾನು ನಮ್ಮತ್ತೆಯವರನ್ನು ಅಂಗಡಿಗೇ ಕರೆದುಕೊಂಡು ಹೋದೆ. ಎರಡು ಪೊಟ್ಟಣಗಳನ್ನು ಬೆಳಕಿಗೆ ಹಿಡಿದರು, ಹೊರಗಿನಿಂದಲೇ ಬೇಳೆಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರು, ಪುಡಿ ಎಷ್ಟಿದೆ ಎಂದು ತಳ ತಟ್ಟಿದರು. ‘ಇದು ಪರವಾಗಿಲ್ಲ ಕಣಮ್ಮ’ ಎಂದು ಅಗ್ಗದ್ದನ್ನೇ ಗಾಡಿಗೆ ಹಾಕಿದರು. ರವೆಯ ಪೊಟ್ಟಣವನ್ನು ಮಾತ್ರ, ಹುಳ ಇರಬಹುದು ಎಂದು, ಮೂರು ಸಲ ತಿರುಗಿಸಿ ನೋಡಿ ವಾಪಸಿಟ್ಟರು. ಅವರು ಇಟ್ಟದ್ದನ್ನು ನಾನು ಮತ್ತೆ ಎತ್ತಿಕೊಳ್ಳಲಿಲ್ಲ. ದೇವರ ಮುಂದೆ ಹಚ್ಚುವ ಊದುಬತ್ತಿಯೂ ಅವರಿಗೆ ನಲವತ್ತು ವರ್ಷದಿಂದ ಬಂದ ಆ ಒಂದೇ ಬಗೆಯದು ಬೇಕು. ಅದರ ಬೆಲೆಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ, ಹೋಲಿಸಿ ನೋಡುವುದಿಲ್ಲ.